ಸಮವಸ್ತ್ರ ತೊಟ್ಟವರ ಪ್ರೀತಿ

ಕಳೆದ ಭಾನುವಾರ ಬೆಳಿಗ್ಗೆ ಹಿಂದಿನ ಬೀದಿಯ ತಾಯಿ, ಮಗಳು ನಮ್ಮ ಮನೆಗೆ ಬಂದರು. ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಡಿಗ್ರಿ ಮುಗಿಸಿದ್ದಾಳೆ, ಎನ್‌ಸಿಸಿಯ ‘ಸಿ’ ಸರ್ಟಿಫಿಕೇಟ್ ಕೈಯಲ್ಲಿದೆ, ಬೆಂಗಳೂರಿನಲ್ಲಿ ನಡೆದ ಎಸ್‌ಎಸ್‌ಬಿ ಸಂದರ್ಶನವನ್ನೂ ದಾಟಿದ್ದಾಳೆ. ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಗೆ ಹೊರಡುವುದಷ್ಟೇ ಬಾಕಿ. ಸಿಹಿ ಕೊಡಲು ಬಂದಿದ್ದಾರೆ ಎಂದುಕೊಂಡೆ. ತಾಯಿಯ ಮುಖ ನೋಡಿದರೆ ಹಾಗೆ ಅನ್ನಿಸಲಿಲ್ಲ.

‘ಮೇಷ್ಟ್ರೇ, ನೀವೇ ಒಂದು ಮಾತು ಹೇಳಿ ಇವಳಿಗೆ. ಇವಳು ಹೋಗೋದು ಬೇಡ’ ಎಂದರು.

‘ಯಾಕಮ್ಮಾ, ಗುಂಡಿನ ಭಯವೇ?’

‘ಗುಂಡಿನ ಭಯ ಅಲ್ಲ ಮೇಷ್ಟ್ರೇ. ನಮ್ಮ ತಂದೆಯೂ ಮಿಲಿಟರಿಯಲ್ಲಿದ್ದೋರೇ. ಆದರೆ ಆಗ ಅಲ್ಲಿ ಇದ್ದೋರೆಲ್ಲ ಗಂಡಸರು. ಈಗ ಹಂಗಲ್ಲ. ಹುಡುಗರು ಹುಡುಗಿಯರು ಒಟ್ಟಿಗೆ ಓಡ್ತಾರೆ, ಒಟ್ಟಿಗೆ ಉಣ್ತಾರೆ, ಊರು ಬಿಟ್ಟು ಗಡಿಯಲ್ಲಿ ಒಟ್ಟಿಗೆ ಇರ್ತಾರೆ. ನಾಳೆ ಪ್ರೀತಿ ಗೀತಿ ಅಂತ ಏನಾದರೂ ಆದರೆ ನಾನು ಯಾರಿಗೆ ಮುಖ ತೋರಿಸಲಿ?’

ಮಗಳು ತಲೆ ತಗ್ಗಿಸಿ ಕೂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತಿ, ‘ಸಾರ್, ನಾನು ಪ್ರೀತಿಸೋಕೆ ಹೋಗ್ತಿಲ್ಲ. ಆದರೆ ಒಂದು ಕೇಳ್ತೀನಿ. ಯೂನಿಫಾರ್ಮ್ ಹಾಕಿಕೊಂಡೋರು ಪ್ರೀತಿಸಿದರೆ ಅದು ತಪ್ಪಾ?’ ಎಂದಳು.

ಇಬ್ಬರ ಪ್ರಶ್ನೆಯೂ ನ್ಯಾಯವಾದದ್ದೇ. ಇದು ಅವರ ಮನೆಯೊಂದರ ಪ್ರಶ್ನೆಯೂ ಅಲ್ಲ. ವೈದ್ಯರು, ನರ್ಸುಗಳನ್ನು ಬಿಟ್ಟು ಉಳಿದ ವಿಭಾಗಗಳಿಗೆ ನಮ್ಮ ಭೂಸೇನೆ ಮಹಿಳಾ ಅಧಿಕಾರಿಗಳನ್ನು ತೆಗೆದುಕೊಳ್ಳಲು ಶುರು ಮಾಡಿದ್ದು 1992ರಲ್ಲಿ. ಪುಣೆ ಸಮೀಪದ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಬಾಗಿಲು ಹುಡುಗಿಯರಿಗೆ ತೆರೆದದ್ದು 2022ರಲ್ಲಿ. 17 ಹುಡುಗಿಯರ ಮೊದಲ ತಂಡ 2025ರ ಮೇ ತಿಂಗಳಲ್ಲಿ ಅಲ್ಲಿಂದ ಹೊರಬಂತು. ಈ ಪುಟ ಓದುವ ಎಷ್ಟೋ ಮನೆಗಳಲ್ಲಿ ಈಗ ಇದೇ ಚರ್ಚೆ ನಡೆದಿರಬಹುದು. ಬುದ್ಧಿವಾದ ಹೇಳುವುದಕ್ಕಿಂತ ನಡೆದ ಸಂಗತಿ ಹೇಳುವುದು ನನ್ನಂಥ ಚರಿತ್ರೆ ಮೇಷ್ಟ್ರಿಗೆ ಒಗ್ಗಿದ ಕೆಲಸ. ಅವರಿಗೆ ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತೇನೆ.

ಮದರಾಸಿನಲ್ಲಿ 1914ರಲ್ಲಿ ಹುಟ್ಟಿದ ಲಕ್ಷ್ಮಿ ಸ್ವಾಮಿನಾಥನ್ ಅವರ ಹೆಸರು ನೀವು ಕೇಳಿದ್ದೀರಿ. ತಂದೆ ಹೈಕೋರ್ಟಿನ ವಕೀಲರು. ತಾಯಿ ಅಮ್ಮು ಸ್ವಾಮಿನಾಥನ್ ಮುಂದೆ ನಮ್ಮ ಸಂವಿಧಾನ ರಚನಾ ಸಭೆಯ ಸದಸ್ಯೆಯಾದವರು. ತಂಗಿ ಮೃಣಾಲಿನಿ ನೃತ್ಯ ಕಲಾವಿದೆ. ಆಕೆಯ ಕೈಹಿಡಿದ ವಿಕ್ರಮ್ ಸಾರಾಭಾಯಿ ಯುದ್ಧದ ವರ್ಷಗಳಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡುತ್ತಿದ್ದರು. ಅಂಥ ಮನೆಯ ಹುಡುಗಿ ಲಕ್ಷ್ಮಿ 1938ರಲ್ಲಿ ಮದರಾಸು ಮೆಡಿಕಲ್ ಕಾಲೇಜಿನಿಂದ ಡಾಕ್ಟರಾದರು. ವಿಮಾನ ಚಾಲಕರೊಬ್ಬರೊಂದಿಗೆ ಆದ ಮದುವೆ ಕೂಡಿಬರಲಿಲ್ಲ. 1940ರಲ್ಲಿ ಸಿಂಗಪುರಕ್ಕೆ ಹೋಗಿ, ಅಲ್ಲಿನ ಬಡ ಭಾರತೀಯ ಕೂಲಿಕಾರರಿಗೆ ಚಿಕಿತ್ಸೆ ಕೊಡುತ್ತ ಉಳಿದರು.

1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನೀಯರ ಕೈಗೆ ಬಿತ್ತು. ಸೆರೆ ಸಿಕ್ಕ ಬ್ರಿಟಿಷ್ ಭಾರತೀಯ ಸೇನೆಯ ಸಾವಿರಾರು ಸೈನಿಕರು ಆಜಾದ್ ಹಿಂದ್ ಫೌಜಿಗೆ ಸೇರಿದರು. 1943ರ ಜುಲೈನಲ್ಲಿ ಸುಭಾಷ್ ಚಂದ್ರ ಬೋಸ್ ಬಂದು ಅದರ ನಾಯಕತ್ವ ವಹಿಸಿಕೊಂಡರು. ಹೆಂಗಸರದ್ದೂ ಒಂದು ರೆಜಿಮೆಂಟು ಬೇಕು ಎಂದರು. ಅವರ ಮುಂದೆ ಬಂದೂಕು ಹಿಡಿದು ವಂದನೆ ಸಲ್ಲಿಸಲು ಇಪ್ಪತ್ತು ಮಂದಿ ಹೆಂಗಸರನ್ನು ಸೇರಿಸಿ ತಾಲೀಮು ಮಾಡಿಸಿದವರು ಡಾಕ್ಟರ್ ಲಕ್ಷ್ಮಿ. ಸಿಂಗಪುರದ ಭಾರತೀಯರ ಸಂಘಟನೆಯಲ್ಲಿ ಆಗ ಮುಂದಾಳಾಗಿದ್ದವರಲ್ಲಿ ನಮ್ಮ ಮಂಗಳೂರು ಕಡೆಯ ವಕೀಲ ಅತ್ತಾವರ ಎಲ್ಲಪ್ಪನವರೂ ಒಬ್ಬರು. ಮುಂದೆ ಬೋಸರ ಹಂಗಾಮಿ ಸರ್ಕಾರಕ್ಕೆ ಸಲಹೆಗಾರರಾದರು.

ಆ ವರ್ಷದ ಅಕ್ಟೋಬರ್‌ನಲ್ಲಿ ಝಾನ್ಸಿ ರಾಣಿ ರೆಜಿಮೆಂಟಿನ ಶಿಬಿರ ಶುರುವಾಯಿತು. ಸೇರಿದವರಲ್ಲಿ ಹೆಚ್ಚಿನವರು ಮಲಯಾದ ರಬ್ಬರ್ ತೋಟಗಳ ಕೂಲಿಕಾರರ ಮಕ್ಕಳು. ಭಾರತವನ್ನು ಒಮ್ಮೆಯೂ ಕಾಣದವರು ಅವರಲ್ಲಿ ಎಷ್ಟೋ ಮಂದಿ. ಆ ಹುಡುಗಿಯರ ತಾಯಂದಿರಿಗೂ ನಮ್ಮ ಹಿಂದಿನ ಬೀದಿಯ ತಾಯಿಗೆ ಇರುವ ಭಯವೇ ಇದ್ದಿರಬೇಕಲ್ಲವೇ? ರೆಜಿಮೆಂಟಿನ ಹೊಣೆ ಲಕ್ಷ್ಮಿಯವರದು. ಹಂಗಾಮಿ ಸರ್ಕಾರದಲ್ಲಿ ಮಂತ್ರಿಯೂ ಆದರು. ಜನರ ಬಾಯಲ್ಲಿ ಮಾತ್ರ ಕೊನೆಯವರೆಗೂ ಕ್ಯಾಪ್ಟನ್ ಲಕ್ಷ್ಮಿಯಾಗಿಯೇ ಉಳಿದರು.

ಅದೇ ಸೇನೆಯಲ್ಲಿ ಪ್ರೇಮ್ ಕುಮಾರ್ ಸೆಹಗಲ್ ಎಂಬ ಅಧಿಕಾರಿ ಇದ್ದರು. ಪಂಜಾಬಿನವರು. ತಂದೆ ಅಚ್ಛ್ರು ರಾಮ್ ಲಾಹೋರಿನಲ್ಲಿ ಹೆಸರಾದ ಕಾನೂನು ಪಂಡಿತರು, ನ್ಯಾಯಾಧೀಶರಾಗಿದ್ದವರು. ಬಲೂಚ್ ರೆಜಿಮೆಂಟಿನಲ್ಲಿದ್ದ ಸೆಹಗಲ್ ಸಿಂಗಪುರದಲ್ಲಿ ಸೆರೆ ಸಿಕ್ಕು, ಆಜಾದ್ ಹಿಂದ್ ಫೌಜು ಸೇರಿ, ಬೋಸರ ಮಿಲಿಟರಿ ಕಾರ್ಯದರ್ಶಿಯಾದರು. ಸಿಂಗಪುರದಲ್ಲಿ, ಆಮೇಲೆ ರಂಗೂನಿನಲ್ಲಿ ಇಬ್ಬರದೂ ಒಂದೇ ಸೇನೆಯ ಕೆಲಸ. ಪರಿಚಯ ಸ್ನೇಹವಾಯಿತು, ಸ್ನೇಹ ಪ್ರೀತಿಯಾಯಿತು.

ಇಲ್ಲಿ ಒಂದು ಸಂಗತಿ ಗಮನಿಸಿ. ಸೆಹಗಲ್ ಅವರ ಅಧೀನದಲ್ಲಿ ಲಕ್ಷ್ಮಿ ಇರಲಿಲ್ಲ. ಲಕ್ಷ್ಮಿಯವರ ಆಜ್ಞೆಯಲ್ಲಿ ಸೆಹಗಲ್ ಇರಲಿಲ್ಲ. ಆಕೆಯನ್ನು ಮುಂಚೂಣಿಗೆ ಕಳಿಸಬೇಕೋ ಉಳಿಸಿಕೊಳ್ಳಬೇಕೋ ಎಂದು ನಿರ್ಧರಿಸುವ ಅಧಿಕಾರ ಆತನ ಕೈಯಲ್ಲಿರಲಿಲ್ಲ. ಇದು ಸಣ್ಣ ಮಾತಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

1945ರಲ್ಲಿ ಯುದ್ಧ ತಿರುಗಿತ್ತು. ಸೆಹಗಲ್ ಬರ್ಮಾದ ಪೋಪಾ ಬೆಟ್ಟದ ಸುತ್ತ ತಮ್ಮ ರೆಜಿಮೆಂಟನ್ನು ನಡೆಸುತ್ತಿದ್ದರು. ಏಪ್ರಿಲ್ ಕೊನೆಯಲ್ಲಿ ಬೇರೆ ದಾರಿಯಿಲ್ಲದೆ ಶರಣಾದರು. ಲಕ್ಷ್ಮಿಯವರೂ ಅದೇ ವರ್ಷ ಬರ್ಮಾದಲ್ಲಿ ಬ್ರಿಟಿಷರಿಗೆ ಸೆರೆ ಸಿಕ್ಕರು. ಆತನನ್ನು ದೆಹಲಿಯ ಕೆಂಪು ಕೋಟೆಗೆ ತಂದರು. ಆಕೆಯನ್ನು 1946ರ ಮಾರ್ಚಿನವರೆಗೂ ಬರ್ಮಾದಲ್ಲೇ ಇಟ್ಟರು.

ಕೆಂಪು ಕೋಟೆಯ ವಿಚಾರಣೆ 1945ರ ನವೆಂಬರಿನಲ್ಲಿ ಶುರುವಾಯಿತು. ಶಾನವಾಜ್ ಖಾನ್, ಸೆಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್: ಒಬ್ಬ ಮುಸ್ಲಿಂ, ಒಬ್ಬ ಹಿಂದೂ, ಒಬ್ಬ ಸಿಖ್. ಮೂವರ ಮೇಲೂ ಚಕ್ರವರ್ತಿಯ ವಿರುದ್ಧ ಯುದ್ಧ ಸಾರಿದ ಆರೋಪ. ಸಾಬೀತಾದರೆ ಗಲ್ಲು, ಇಲ್ಲವೇ ಆಜೀವ ಗಡೀಪಾರು. ವಕೀಲ ಭೂಲಾಭಾಯಿ ದೇಸಾಯಿ ಅವರ ಪರವಾಗಿ ವಾದಿಸಿದರು. ಎಷ್ಟೋ ವರ್ಷಗಳ ಹಿಂದೆ ಕಳಚಿಟ್ಟಿದ್ದ ವಕೀಲರ ಗೌನನ್ನು ನೆಹರೂ ಮತ್ತೆ ತೊಟ್ಟು ಬಂದರು. ಮೂವರಿಗೂ ಆಜೀವ ಗಡೀಪಾರು ಎಂದು ತೀರ್ಪಾಯಿತು. ಆದರೆ ದೇಶವೆಲ್ಲ ಕುದಿಯುತ್ತಿದ್ದುದನ್ನು ಕಂಡ ಸೇನಾ ದಂಡನಾಯಕ ಆಕಿನ್‌ಲೆಕ್ 1946ರ ಜನವರಿ 3ರಂದು ಆ ಶಿಕ್ಷೆಯನ್ನು ಮನ್ನಾ ಮಾಡಿ ಬಿಡುಗಡೆ ಮಾಡಿದರು.

ಆತ ದೆಹಲಿಯಲ್ಲಿ ಗಲ್ಲಿನ ನೆರಳಿನಲ್ಲಿ ನಿಂತಿದ್ದಾಗ ಆಕೆ ಇದ್ದದ್ದು ಬರ್ಮಾದ ಬಂಧನದಲ್ಲಿ. ಇಬ್ಬರೂ ಮದುವೆಯಾದದ್ದು 1947ರ ಮಾರ್ಚಿನಲ್ಲಿ, ಲಾಹೋರಿನಲ್ಲಿ. ಯುದ್ಧ ಮುಗಿದು ಒಂದೂವರೆ ವರ್ಷದ ಮೇಲೆ. ಅಷ್ಟು ಹೊತ್ತಿಗೆ ಫಿರಂಗಿಯ ಸದ್ದಿಲ್ಲ, ‘ನಾಳೆ ಇರುತ್ತೇವೋ ಇಲ್ಲವೋ’ ಎಂಬ ಅವಸರವಿಲ್ಲ. ಶಾಂತವಾಗಿ ಯೋಚಿಸಲು ಸಮಯವಿತ್ತು. ಯೋಚಿಸಿದ ಮೇಲೂ ‘ಬೇಕು’ ಎನ್ನಿಸಿತು. ಕಾನಪುರದಲ್ಲಿ ಸಂಸಾರ ಹೂಡಿದರು. ದೇಶ ವಿಭಜನೆಯಾಗಿ ಬಂದ ನಿರಾಶ್ರಿತರಿಗೆ ಲಕ್ಷ್ಮಿ ಚಿಕಿತ್ಸೆ ಕೊಟ್ಟರು. ಇಬ್ಬರು ಹೆಣ್ಣುಮಕ್ಕಳಾದರು. ಸೆಹಗಲ್ 1992ರಲ್ಲಿ ತೀರಿಕೊಂಡರು. ಲಕ್ಷ್ಮಿ ತೊಂಬತ್ತು ದಾಟಿದ ಮೇಲೂ ತಮ್ಮ ಕ್ಲಿನಿಕ್ಕಿನಲ್ಲಿ ರೋಗಿಗಳನ್ನು ನೋಡುತ್ತಿದ್ದರು. 2012ರ ಜುಲೈನಲ್ಲಿ ತೀರಿಕೊಂಡಾಗ ಅವರ ದೇಹವನ್ನು ಮೆಡಿಕಲ್ ಕಾಲೇಜಿಗೆ ಕೊಡಲಾಯಿತು.

ಇಷ್ಟು ಕೇಳಿದ ತಾಯಿ, ‘ಎಲ್ಲರೂ ಕ್ಯಾಪ್ಟನ್ ಲಕ್ಷ್ಮಿ ಆಗೋಕೆ ಆಗುತ್ತಾ ಮೇಷ್ಟ್ರೇ?’ ಎಂದರು. ಆಗುವುದಿಲ್ಲ. ಅದಕ್ಕೇ ಇನ್ನೊಂದು ಮುಖವನ್ನೂ ನೋಡಬೇಕು. ಅದಕ್ಕೆ ಅದೇ ಮಹಾಯುದ್ಧದ ರಷ್ಯಾಕ್ಕೆ ಹೋಗೋಣ.

ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸೇನೆಯಲ್ಲಿದ್ದ ಹೆಂಗಸರು ಸುಮಾರು ಎಂಟು ಲಕ್ಷ. ನರ್ಸುಗಳು, ವೈರ್‌ಲೆಸ್ ನಡೆಸುವವರು, ವಿಮಾನ ಚಾಲಕಿಯರು, ಗುರಿಕಾರರು. ಅವರಲ್ಲಿ ನಾದೆಜ್ದಾ ಪೊಪೊವಾ ಒಬ್ಬಳು. ರಾತ್ರಿ ಹೊತ್ತು ಬಾಂಬು ಹಾಕುವ, ಬರಿಯ ಹೆಂಗಸರೇ ಇದ್ದ ವಿಮಾನ ರೆಜಿಮೆಂಟಿನವಳು. ಮರದ ಹಲಗೆ, ಬಟ್ಟೆಯಿಂದ ಮಾಡಿದ ಸಣ್ಣ ವಿಮಾನ. ಅದರಲ್ಲಿ ಯುದ್ಧ ಮುಗಿಯುವಷ್ಟರಲ್ಲಿ 852 ಬಾರಿ ಹಾರಿದ್ದಳು. 1942ರ ಆಗಸ್ಟಿನಲ್ಲಿ ಅವಳ ವಿಮಾನವನ್ನು ಜರ್ಮನರು ಹೊಡೆದುರುಳಿಸಿದರು. ಬದುಕಿ ಉಳಿದು, ಹಿಮ್ಮೆಟ್ಟುತ್ತಿದ್ದ ಸೈನ್ಯದ ಜೊತೆ ಹೋಗುವಾಗ ಗಾಯಾಳು ವಿಮಾನ ಚಾಲಕನೊಬ್ಬ ಕಂಡ. ಮುಖಕ್ಕೆಲ್ಲ ಪಟ್ಟಿ, ಕಣ್ಣು ಮಾತ್ರ ಕಾಣುತ್ತಿತ್ತು. ಅಂಥ ಹೊತ್ತಿನಲ್ಲೂ ಕಾದಂಬರಿ ಓದುತ್ತಿದ್ದ. ಹೆಸರು ಸೆಮ್ಯೊನ್ ಖಾರ್ಲಾಮೊವ್.

ಆಮೇಲೆ ಅವನ ದಳ ಒಂದು ಕಡೆ, ಅವಳದು ಇನ್ನೊಂದು ಕಡೆ. ಯುದ್ಧ ನಡೆಯುತ್ತಿರುವಾಗ ಆಗೊಮ್ಮೆ ಈಗೊಮ್ಮೆ ಭೇಟಿ. ಇಬ್ಬರೂ ತಮ್ಮ ತಮ್ಮ ಹಾರಾಟ ನಡೆಸಿದರು. 1945ರ ಫೆಬ್ರವರಿ 23ರಂದು ಇಬ್ಬರಿಗೂ ‘ಸೋವಿಯತ್ ಒಕ್ಕೂಟದ ವೀರ’ ಬಿರುದು ಸಿಕ್ಕಿತು. ಯುದ್ಧ ಗೆದ್ದಾಗ ಬರ್ಲಿನ್ನಿನ ರೈಖ್‌ಸ್ಟಾಗ್ ಕಟ್ಟಡದ ಗೋಡೆಯ ಮೇಲೆ ಇಬ್ಬರೂ ತಮ್ಮ ಹೆಸರು ಬರೆದರು. ಮದುವೆಯಾಗಿ, 1990ರಲ್ಲಿ ಆತ ಸಾಯುವವರೆಗೂ ಒಟ್ಟಿಗೆ ಬಾಳಿದರು. ಆಕೆ 2013ರವರೆಗೆ ಬದುಕಿದ್ದಳು.

ಎಲ್ಲರ ಕಥೆಯೂ ಹೀಗೆ ಸುಖವಾಗಿ ಮುಗಿಯಲಿಲ್ಲ. ಕೀವ್ ವಿಶ್ವವಿದ್ಯಾಲಯದಲ್ಲಿ ಚರಿತ್ರೆ ಓದುತ್ತಿದ್ದ ಲ್ಯುದ್ಮಿಲಾ ಪಾವ್ಲಿಚೆಂಕೊ ಪುಸ್ತಕ ಮಡಿಚಿಟ್ಟು ಸೇನೆಗೆ ಸೇರಿದವಳು. ಮರೆಯಲ್ಲಿ ಕೂತು ಗುರಿಯಿಟ್ಟು ಹೊಡೆಯುವುದರಲ್ಲಿ ಅವಳಿಗೆ ಸಮನಾದವರು ಕಡಿಮೆ. ಸೆವಾಸ್ತೊಪೋಲ್ ಮುತ್ತಿಗೆಯ ವೇಳೆ ಜೊತೆಗಿದ್ದ ಅಧಿಕಾರಿ ಲಿಯೊನಿದ್ ಕಿತ್ಸೆಂಕೊನನ್ನು ಪ್ರೀತಿಸಿದಳು. 1942ರ ಮಾರ್ಚಿನಲ್ಲಿ ಶತ್ರುಗಳ ಸಿಡಿಗುಂಡು ತಗುಲಿ ಆತ ಸತ್ತ. ಕೆಲವೇ ತಿಂಗಳಲ್ಲಿ ಅವಳೂ ಗಾಯಗೊಂಡಳು. ಯುದ್ಧ ಮುಗಿದ ಮೇಲೆ ಒಬ್ಬಳೇ ವಿಶ್ವವಿದ್ಯಾಲಯಕ್ಕೆ ಮರಳಿ ಅರ್ಧಕ್ಕೆ ಬಿಟ್ಟಿದ್ದ ಪದವಿ ಮುಗಿಸಿದಳು. ಜೊತೆಗೆ ಹೋರಾಡುವವರನ್ನು ಪ್ರೀತಿಸುವವರು ಈ ನೋವಿಗೂ ಸಿದ್ಧರಿರಬೇಕಾಗುತ್ತದೆ.

ಇದಕ್ಕಿಂತ ಕಹಿಯಾದದ್ದು ಇನ್ನೊಂದಿದೆ. ಅದೇ ಸೇನೆಯಲ್ಲಿ ‘ರಣರಂಗದ ಹೆಂಡತಿ’ ಎಂಬ ಹೀನಾಯದ ಮಾತೊಂದು ಚಾಲ್ತಿಯಲ್ಲಿತ್ತು. ಊರಿನಲ್ಲಿ ಹೆಂಡತಿ, ಮಕ್ಕಳಿದ್ದ ದೊಡ್ಡ ಅಧಿಕಾರಿಗಳು ತಮ್ಮ ಕೈಕೆಳಗಿನ ಹದಿನೆಂಟು, ಇಪ್ಪತ್ತರ ನರ್ಸನ್ನೋ ವೈರ್‌ಲೆಸ್ ಹುಡುಗಿಯನ್ನೋ ಜೊತೆಗಿರಿಸಿಕೊಳ್ಳುತ್ತಿದ್ದರು. ಕೆಲವರಲ್ಲಿ ನಿಜವಾದ ಪ್ರೀತಿಯೇ ಇದ್ದಿರಬಹುದು. ಆದರೆ ಎಷ್ಟೋ ಹುಡುಗಿಯರಿಗೆ ‘ಒಲ್ಲೆ’ ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ಇನ್ನು ಕೆಲವರಿಗೆ ಹತ್ತು ಜನರ ಕಾಟ ತಪ್ಪಿಸಿಕೊಳ್ಳಲು ಒಬ್ಬನ ಆಸರೆ ಬೇಕಾಗಿತ್ತು. ಯುದ್ಧ ಮುಗಿಯಿತು. ಅಧಿಕಾರಿಗಳು ಪದಕ ಧರಿಸಿ ಹೆಂಡತಿಯ ಬಳಿಗೆ ಹೋದರು. ಹುಡುಗಿಯರಿಗೆ ಉಳಿದದ್ದು ಊರವರ ಚುಚ್ಚುಮಾತು. ಗುಂಡಿಗೆ ಹೆದರದೆ ದುಡಿದ ಎಷ್ಟೋ ಹೆಂಗಸರು ಈ ಅಪವಾದಕ್ಕೆ ಹೆದರಿ ತಾವು ಯುದ್ಧಕ್ಕೆ ಹೋಗಿದ್ದನ್ನೇ ಮುಚ್ಚಿಟ್ಟರು. 2015ರಲ್ಲಿ ನೊಬೆಲ್ ಪಡೆದ ಸ್ವೆತ್ಲಾನಾ ಅಲೆಕ್ಸಿಯೆವಿಚ್ ಇಂಥ ಹೆಂಗಸರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿ 1985ರಲ್ಲಿ ಒಂದು ಪುಸ್ತಕವನ್ನೇ ತಂದರು.

ಒಂದೇ ಸೇನೆ, ಒಂದೇ ಯುದ್ಧ. ಪೊಪೊವಾಳ ಪ್ರೀತಿಗೂ ಆ ನರ್ಸಿನ ಪಾಡಿಗೂ ಇರುವ ವ್ಯತ್ಯಾಸ ಏನು? ಪೊಪೊವಾಳ ಮೇಲೆ ಖಾರ್ಲಾಮೊವ್‌ಗೆ ಅಧಿಕಾರವಿರಲಿಲ್ಲ. ಅವಳು ‘ಬೇಡ’ ಎಂದಿದ್ದರೆ ಅವಳಿಗೆ ಯಾವ ನಷ್ಟವೂ ಆಗುತ್ತಿರಲಿಲ್ಲ. ನರ್ಸಿನ ಊಟ, ರಜೆ, ಬಡ್ತಿ, ಕೊನೆಗೆ ಜೀವವೂ ಆ ಅಧಿಕಾರಿಯ ಕೈಯಲ್ಲಿತ್ತು.

ಸೇನೆಗಳು ಇಂಥ ವಿಷಯದಲ್ಲಿ ನಿಯಮ ಮಾಡುವುದು ಈ ಕಾರಣಕ್ಕೆ. ಪ್ರೀತಿಯ ಮೇಲಿನ ದ್ವೇಷಕ್ಕಲ್ಲ. ಹತ್ತು ಜನರಲ್ಲಿ ಇಬ್ಬರನ್ನು ಸಾವಿನ ಬಾಯಿಗೆ ಕಳಿಸಬೇಕಾದ ಅಧಿಕಾರಿ, ಆ ಹತ್ತರಲ್ಲಿ ಒಬ್ಬರನ್ನು ಪ್ರೀತಿಸಿದರೆ ಯಾರನ್ನು ಕಳಿಸುತ್ತಾನೆ? ಅಥವಾ ಕಳಿಸುತ್ತಾಳೆ? ನ್ಯಾಯವಾಗಿಯೇ ನಡೆದುಕೊಂಡರೂ ಉಳಿದ ಒಂಬತ್ತು ಮಂದಿ ನಂಬುತ್ತಾರೆಯೇ? ಆ ನಂಬಿಕೆ ಹೋದ ತುಕಡಿ ಶತ್ರು ಬರುವ ಮೊದಲೇ ಸೋತಿರುತ್ತದೆ. ಅಮೆರಿಕದ ಸೇನೆಯಲ್ಲಿ ಅಧಿಕಾರಿಗೂ ಸಾಮಾನ್ಯ ಸೈನಿಕರಿಗೂ ನಡುವೆ ಪ್ರೇಮಸಂಬಂಧ ನಿಷಿದ್ಧ. ನಮ್ಮಲ್ಲೂ ಶಿಸ್ತು ಬಿಗಿ. ವ್ಯಭಿಚಾರ ಅಪರಾಧವಲ್ಲ ಎಂದು 2018ರಲ್ಲಿ ಹೇಳಿದ ಸುಪ್ರೀಂ ಕೋರ್ಟೇ, ಸಶಸ್ತ್ರ ಪಡೆಗಳು ತಮ್ಮ ಕಾನೂನಿನಂತೆ ಕ್ರಮ ಕೈಗೊಳ್ಳಲು ಆ ತೀರ್ಪು ಅಡ್ಡಿಯಲ್ಲ ಎಂದು 2023ರಲ್ಲಿ ಸ್ಪಷ್ಟಪಡಿಸಿತು. ಆದರೆ ಸಮಾನ ಸ್ಥಾನದ ಇಬ್ಬರು ಅಧಿಕಾರಿಗಳು ಮೆಚ್ಚಿ ಮದುವೆಯಾಗುವುದಕ್ಕೆ ಯಾರ ಅಡ್ಡಿಯೂ ಇಲ್ಲ. ನಮ್ಮ ಸೇನೆಯಲ್ಲಿ ಅಂಥ ದಂಪತಿಗಳು ಎಷ್ಟೋ ಮಂದಿ ಇದ್ದಾರೆ.

‘ಅಮ್ಮಾ, ನಿಮ್ಮ ಮಗಳು ಸೇರಲಿರುವ ಅಕಾಡೆಮಿಯಲ್ಲಿ ತರಬೇತಿ ಮುಗಿಯುವವರೆಗೆ ಮದುವೆಯಾಗುವಂತಿಲ್ಲ ಎಂಬ ನಿಯಮವಿದೆ, ಗೊತ್ತೇ?’ ಎಂದೆ. ತಾಯಿಗೆ ಗೊತ್ತಿರಲಿಲ್ಲ. ಸ್ವಲ್ಪ ಸಮಾಧಾನವಾದಂತೆ ಕಂಡಿತು. ಆದರೆ ನಿಯಮದ ನೆಪ ಹೇಳಿ ಅವರನ್ನು ಕಳಿಸಿಬಿಡುವುದು ನನಗೆ ಸರಿ ಎನ್ನಿಸಲಿಲ್ಲ.

ಹುಡುಗಿಗೆ ಹೇಳಿದೆ: ‘ಪ್ರೀತಿಸುವುದು ತಪ್ಪಲ್ಲವಮ್ಮ. ಆದರೆ ಅಂಥ ಹೊತ್ತು ಬಂದರೆ ಎರಡು ಪ್ರಶ್ನೆ ಕೇಳಿಕೋ. ನಾನು ಬೇಡ ಎಂದರೆ ಇವನು ನನಗೆ ತೊಂದರೆ ಕೊಡುವ ಸ್ಥಾನದಲ್ಲಿದ್ದಾನೆಯೇ? ಇದ್ದರೆ ದೂರ ನಿಲ್ಲು, ಅವನು ಎಷ್ಟೇ ಒಳ್ಳೆಯವನಾಗಿರಲಿ. ನಾಳೆ ನೀನು ಮೇಲಿನ ಅಧಿಕಾರಿಯಾಗಿ ಅವನು ಕೆಳಗಿದ್ದರೂ ಇದೇ ಮಾತು. ಎರಡನೆಯದು, ಇದು ಕಾಯಬಲ್ಲದೇ? ಒಟ್ಟಿಗೆ ದಣಿದವರು, ಒಟ್ಟಿಗೆ ಹೆದರಿದವರು ಬೇಗ ಹತ್ತಿರವಾಗುತ್ತಾರೆ. ಅದು ಸುಳ್ಳು ಅಂತಲ್ಲ. ಆದರೆ ಹೆದರಿಕೆ ಹೋದ ಮೇಲೂ ಉಳಿಯುತ್ತದೆಯೋ ಇಲ್ಲವೋ ನೋಡಲು ಕಾಲ ಬೇಕು. ಲಕ್ಷ್ಮಿ, ಸೆಹಗಲ್ ಮದುವೆ ಲಾಹೋರಿನಲ್ಲಿ ಆದದ್ದು, ಬರ್ಮಾದ ಕಾಡಿನಲ್ಲಲ್ಲ.’

ತಾಯಿಗೂ ಒಂದು ಮಾತು ಹೇಳಿದೆ. ಆ ನರ್ಸುಗಳು ಯುದ್ಧ ಮುಗಿಸಿ ಬಂದಾಗ ಅವರಿಗೆ ಬೇಕಾಗಿದ್ದದ್ದು ಬಾಗಿಲು ತೆರೆಯುವ ಮನೆ. ‘ಯಾರಿಗೆ ಮುಖ ತೋರಿಸಲಿ’ ಎನ್ನುವ ತಾಯಿಯ ಬಳಿ ಮಗಳು ಕಷ್ಟ ಹೇಳಿಕೊಳ್ಳುವುದಿಲ್ಲ. ಮೇಲಧಿಕಾರಿ ಸಲ್ಲದ ರೀತಿ ನಡೆದುಕೊಂಡರೆ ಮೊದಲು ಮನೆಗೆ ಫೋನು ಮಾಡಬಲ್ಲ ಹುಡುಗಿಗೆ ದೂರು ಕೊಡುವ ಧೈರ್ಯವೂ ಬರುತ್ತದೆ. ಮನೆಗೇ ಹೆದರುವ ಹುಡುಗಿ ಎಲ್ಲವನ್ನೂ ನುಂಗಿಕೊಳ್ಳುತ್ತಾಳೆ. ಇದು ಸೇನೆಗೆ ಮಾತ್ರವಲ್ಲ, ಹಾಸ್ಟೆಲಿಗೂ ಆಫೀಸಿಗೂ ಸಲ್ಲುವ ಮಾತು. ಗಂಡುಮಕ್ಕಳ ತಂದೆತಾಯಿಯರಿಗೂ ನನ್ನದೊಂದು ಕೋರಿಕೆ ಇದೆ: ಅಧಿಕಾರ ಕೈಗೆ ಬಂದಾಗ ಇನ್ನೊಬ್ಬರ ‘ಬೇಡ’ವನ್ನು ಗೌರವಿಸಬೇಕು ಎಂಬುದನ್ನು ಮನೆಯಲ್ಲೇ ಕಲಿಸಿ. ಅಕಾಡೆಮಿಯಲ್ಲಿ ಕಲಿಯಲಿ ಎಂದು ಬಿಡಬೇಡಿ.

ತಾಯಿ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಹೋಗಲಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಎದ್ದು ಹೊರಡುವಾಗ ಮಾತ್ರ ಬಾಗಿಲಲ್ಲಿ ನಿಂತು ಮಗಳನ್ನು ಕೇಳಿದರು:

‘ಅಲ್ಲಿ ಚಳಿ ಇರಲ್ಲ ಅಲ್ವೇನೆ, ಚೆನ್ನೈ ತಾನೆ? ಸ್ವೆಟರ್ ಒಂದು ಸಾಕಾ?’

ಹುಡುಗಿ ನನ್ನ ಕಡೆ ತಿರುಗಿ ನಕ್ಕಳು.